ಕಾಲು ನೆಲ ಬಿಟ್ಟ ಊರು

ಕೇಳುವವರು ಕೇಳಿ, ನಂಬುವವರು ನಂಬಿ. ನಂಬದವರು ಬಾಯಿಗೊಂದು ಅಡಿಕೆ ಹಾಕಿಕೊಂಡು ಸುಮ್ಮನೆ ಕೂತಿರಿ.

ಕಪ್ಪು ಬಂಡೆಗಳ ನಡುವೆ ಬೋಗುಣಿಯ ಹಾಗೆ ಕೂತ ಒಂದು ಊರಿತ್ತು. ಆ ಊರಿನ ಹಿತ್ತಿಲುಗಳಲ್ಲಿ, ಬೇಲಿಸಾಲಿನಲ್ಲಿ, ತಿಪ್ಪೆಯ ಬದಿಯಲ್ಲಿ ಯಾರೂ ಬಿತ್ತದೆ ಭಂಗಿ ಗಿಡ ಬೆಳೆಯುತ್ತಿತ್ತು. ಭಂಗಿ ಬೇರೆ ಊರುಗಳಲ್ಲೂ ಉಂಟು. ತಿಂದವರು, ಸೇದಿದವರು ನಗುತ್ತಾರೆ, ಹಸಿಯುತ್ತಾರೆ, ಮಲಗುತ್ತಾರೆ. ಈ ಊರಿನಲ್ಲಿ ಮಾತ್ರ ಇನ್ನೊಂದು ಸಂಗತಿ ನಡೆಯುತ್ತಿತ್ತು. ಭಂಗಿ ಒಳಗೆ ಹೋದರೆ ಮನುಷ್ಯರ ಕಾಲು ನೆಲ ಬಿಡುತ್ತಿತ್ತು. ಒಂದು ಚಿಟಿಕೆ ಸೊಪ್ಪಿಗೆ ನಾಲ್ಕು ಬೆರಳು. ಒಂದು ಹಿಡಿಗೆ ಒಂದು ಗೇಣು. ಚಿಲುಮೆಯ ಹೊಗೆಗೆ ಒಂದು ಮೊಳ, ಎರಡು ಮೊಳ, ಒಮ್ಮೊಮ್ಮೆ ಒಂದು ಮಾರು. ಹಾಲಿನಲ್ಲಿ ಕಾಸಿ ಕುಡಿದರೆ, ದಿನವೂ ಸೇದಿದರೆ ಎತ್ತರಕ್ಕೆ ಲೆಕ್ಕವೇ ಇಲ್ಲ.

ಅಜ್ಜಂದಿರ ಕಾಲದಲ್ಲಿ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲವಂತೆ. ಆಮೇಲೆ ಯಾವಾಗಲೋ ಯಾವುದೋ ಗೌಡ ಊರಬಾಗಿಲ ಮೇಲೆ ಒಂದು ಸಾಲು ಕೆತ್ತಿಸಿದ: 'ಊರಿನ ಕಾಲು ಊರಿನ ನೆಲದ ಮೇಲೆ.' ನೆಲ ಬಿಟ್ಟು ಸಿಕ್ಕಿಬಿದ್ದವರ ಎರಡೂ ಕಾಲಿಗೆ ಒಂದೊಂದು ಗುಂಡುಕಲ್ಲು ಕಟ್ಟಬೇಕು. ಒಂದು ವರ್ಷ ಅದನ್ನು ಎಳೆದುಕೊಂಡೇ ತಿರುಗಬೇಕು.

ಸಿಕ್ಕಿಬೀಳಿಸುವ ಕೆಲಸ ಅಳತೆಗಾತಿಯದು. ನಲವತ್ತು ದಾಟಿದ ಹೆಂಗಸು. ನೇರ ಬೆನ್ನು, ಬಿಗಿದ ಸೆರಗು, ಕೈಯಲ್ಲಿ ಹುಣಸೆ ಮರದ ಒಂದು ತೆಳ್ಳನೆಯ ಪಟ್ಟಿ. ಸೂರ್ಯ ಬಂಡೆಯ ಮೇಲೆ ಕಾಲಿಡುವ ಹೊತ್ತಿಗೆ ಅವಳು ಮೊದಲ ಮನೆಯ ಹೊಸ್ತಿಲ ಮುಂದೆ ನಿಂತಿರುತ್ತಿದ್ದಳು.

"ಕಾಲು?"

"ನೆಲದಾಗ."

"ನೆಲ?"

"ಕಾಲಕೆಳಗ."

ಹೀಗೆ ಕೇಳಿ, ಬಾಗಿ, ಅವರ ಅಂಗಾಲಿನ ಅಡಿಗೆ ಪಟ್ಟಿ ತೂರಿಸಿ ನೋಡುವಳು. ಪಟ್ಟಿ ತಡೆದರೆ ಮುಂದಿನ ಮನೆ. ತೂರಿಹೋದರೆ ಕಲ್ಲು. ಇಪ್ಪತ್ತು ವರ್ಷ ಹೀಗೇ ಮಾಡಿದ್ದಳು. ಯಾರ ಮುಖವನ್ನೂ ನೋಡಿ ಮಣೆ ಹಾಕಿದವಳಲ್ಲ. ಮಳೆ ಬಂದರೂ ಕೇಳುವಳು, ಜ್ವರ ಬಂದರೂ ಕೇಳುವಳು, ಮದುವೆ ಮನೆಯಲ್ಲಿ ಹಸೆಮಣೆ ಏರಿದ ಮದುಮಗನನ್ನೂ ಕೆಳಗಿಳಿಸಿ ಕೇಳುವಳು.

ಒಂದು ಬೆಳಗ್ಗೆ ಅವಳು ಹಗ್ಗ ಹೊಸೆಯುವವನ ಮನೆಗೆ ಹೋದಾಗ, ಅವನು ಅಂಗಳದಲ್ಲಿ ಮುಖ ಮೇಲೆತ್ತಿ ನಿಂತಿದ್ದ. ಅವನ ಒಬ್ಬಳೇ ಮಗಳು ಬಾಳವ್ವ, ಹದಿನೇಳರ ಹುಡುಗಿ, ಬೇವಿನ ಮರದ ತುದಿಗಿಂತ ಮೇಲಿದ್ದಳು.

"ಬಾಳಾ, ಇಳಿಯವ್ವ. ಬಾಳಾ, ಸಾಕವ್ವ," ಎಂದು ಅವನು ಕರೆಯುತ್ತಲೇ ಇದ್ದ. ಕರೆದೂ ಕರೆದೂ ಗಂಟಲು ಕಟ್ಟಿತ್ತು.

"ಎಷ್ಟು ಹೊತ್ತಾತು?" ಅಳತೆಗಾತಿ ಕೇಳಿದಳು.

"ನಿನ್ನಿ ನೀನು ಅಳದು ಹೋದಾಗಿಂದ, ತಾಯಿ. ಎರಡು ವರ್ಷ ಆತು ಹೊಗಿ ಹಿಡದು. ನೀನು ಹೋದ ಮ್ಯಾಲ ಏರ್ತಿದ್ಲು, ಸಂಜಿಗಿ ಇಳೀತಿದ್ಲು. ಮಂದಿಗಿ ಕಾಣದಂಗ ನಾನೇ ಹೊರಸಿಗಿ ಕಟ್ಟಿ ಮಲಗಸ್ತಿದ್ದೆ. ಈಗ ಇಳಿಯೋದನ್ನೇ ಮರತಾಳ."

ಮೂರನೆಯ ದಿನ ಬಾಳವ್ವ ತಾನಾಗಿ ಇಳಿದಳು. ನೋಡಲು ಅದೇ ಹುಡುಗಿ. ಆದರೆ ಹುರಿ ಹೊಸೆಯಲು ಕೂತರೆ ಮೂರನೆಯ ಎಳೆ ಯಾವ ಕೈಯಲ್ಲಿತ್ತು ಎನ್ನುವುದು ಅವಳಿಗೆ ನೆನಪಾಗುತ್ತಿರಲಿಲ್ಲ. ಮಾತು ಅರ್ಧ ದಾರಿಯಲ್ಲಿ ಅವಳನ್ನು ಬಿಟ್ಟು ಹೋಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗೋಡೆಗಳು ಅವಳ ಬಗ್ಗೆ ಪಿಸುಗುಡುತ್ತಿದ್ದವು. "ಅಪ್ಪಾ, ಗ್ವಾಡಿ ನನ್ನ ಹೆಸರು ಹೇಳಾಕತ್ಯಾವ," ಎಂದು ಕಿವಿ ಮುಚ್ಚಿಕೊಳ್ಳುವಳು.

ಅಳತೆಗಾತಿ ಇದೆಲ್ಲ ನೋಡಿದಳು. ಆದರೂ ಕಟ್ಟಳೆ ಕಟ್ಟಳೆಯೇ. ಕಲ್ಲುಗಾರ ಬಂದ. ಊರಿನ ಗುಂಡುಕಲ್ಲುಗಳನ್ನೆಲ್ಲ ಕಡೆಯುವವನು ಅವನು. ಎದೆ ಅಗಲ, ಸೊಂಟದಲ್ಲಿ ಸದಾ ನೋವು, ಬಾಯಲ್ಲಿ ಸದಾ ಗೊಣಗು. "ಕಲ್ಲು ಕಟ್ಟಿದ್ರ ಬುದ್ಧಿ ಬರ್ತದ," ಎಂದು ಕಬ್ಬಿಣದ ಬೇಡಿ ಹಾಕಿ ಹುಡುಗಿಯ ಕಾಲಿಗೆ ಕಟ್ಟಿದ. ಬುದ್ಧಿ ಬರಲಿಲ್ಲ. ಓಡಿಹೋಗಲಾರದ ಹುಡುಗಿಗೆ ಗೋಡೆಗಳು ಇನ್ನಷ್ಟು ಹತ್ತಿರವಾದವು, ಅಷ್ಟೇ.

ಇದಾಗಿ ಒಂದು ವಾರ ಕಳೆದಿರಬಹುದು. ಅಳತೆಗಾತಿ ಊರೆಲ್ಲ ಸುತ್ತಿ ಮನೆಗೆ ಬಂದರೆ ಅಡುಗೆಮನೆಯಿಂದ ನಗು ಕೇಳಿಸಿತು. ಮನೆಯಲ್ಲಿದ್ದದ್ದು ಅತ್ತೆ ಒಬ್ಬಳೇ. ಗಂಡ ಕುರಿಮಂದೆಯ ಹಿಂದೆ ಹೋದರೆ ಎಂಟು ತಿಂಗಳು ಈ ಕಡೆ ತಲೆ ಹಾಕುವವನಲ್ಲ. ಅತ್ತೆಗೆ ಆರು ವರ್ಷದಿಂದ ಕಾಲುರಿ. ಕೆಂಡ ಹೊತ್ತ ಇರುವೆಗಳು ಮೀನಖಂಡದಿಂದ ಸೊಂಟದ ತನಕ ಸಾಲುಗಟ್ಟಿ ನಡೆದ ಹಾಗಾಗುತ್ತದೆ ಎನ್ನುತ್ತಿದ್ದಳು. ಎಣ್ಣೆ ಹಚ್ಚಿದ್ದಾಯಿತು, ಕಷಾಯ ಕುಡಿದದ್ದಾಯಿತು, ಹರಕೆ ಹೊತ್ತದ್ದಾಯಿತು. ಈ ಆರು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಒಳಗೆ ಹೋಗಿ ನೋಡಿದರೆ ಅತ್ತೆ ಅಟ್ಟದ ಪಕ್ಕ, ನೆಲದಿಂದ ಎರಡು ಮೊಳ ಮೇಲೆ ತೇಲುತ್ತಿದ್ದಾಳೆ. ಒಂದು ಕೈಯಲ್ಲಿ ಪೊರಕೆ, ಜೇಡರ ಬಲೆ ಹೊಡೆಯುತ್ತಿದ್ದಾಳೆ. ಇನ್ನೊಂದು ಕೈಯಲ್ಲಿ, ಹಬ್ಬಕ್ಕೆಂದು ಸೊಸೆ ಅಟ್ಟದ ಮೇಲೆ ಮುಚ್ಚಿಟ್ಟಿದ್ದ ಕರಜಿಕಾಯಿ.

"ಅತ್ತೀ!"

"ಬಂದ್ಯಾ? ಈ ಕರಜಿಕಾಯಿ ಯಾರಿಂದ ಮುಚ್ಚಿಟ್ಟಿದ್ದಿ? ನನ್ನಿಂದೇನು?" ಅತ್ತೆ ಬಾಯಿ ತುಂಬಿಕೊಂಡೇ ನಕ್ಕಳು.

"ಭಂಗಿ ತಿಂದೀರಾ?"

"ತಿಂದಿಲ್ಲ. ಹಾಲಾಗ ಕುಡದೀನಿ. ಹಿತ್ತಲದಾಗ ಗಿಡ ನನ್ನೇ ನೋಡ್ಲಿಕತ್ತಿತ್ತು, ನಾನೂ ಅದನ್ನೇ ನೋಡ್ಲಿಕತ್ತಿದ್ದೆ. ಎಷ್ಟು ದಿನಾ ಅಂತ ಬರೇ ನೋಡೋದು?"

ಅಳತೆಗಾತಿ ಹತ್ತಿರ ಬಂದಳು. ಅಭ್ಯಾಸಬಲದಿಂದ ಅಂಗಾಲಿನ ಅಡಿಗೆ ಪಟ್ಟಿ ತೂರಿಸಿದಳು. ಪಟ್ಟಿಯೇನು, ಎಮ್ಮೆಯೇ ತೂರಿಹೋಗುವಷ್ಟು ಜಾಗವಿತ್ತು.

"ಕಾಲುರಿ?" ಎಂದಳು, ಅಳತೆ ಮರೆತು.

ಅತ್ತೆ ಕಾಲುಗಳನ್ನು ಗಾಳಿಯಲ್ಲಿ ಅಲ್ಲಾಡಿಸಿ ನೋಡಿಕೊಂಡಳು. "ಇರಿವಿ ಇಲ್ಲವ್ವ," ಎಂದಳು ಮೆಲ್ಲಗೆ. "ಒಂದೂ ಇಲ್ಲ. ನನಗೂ ಕಾಲು ಅಂಬೋದು ಅವ ಅಂತ ಇವತ್ತು ನೆನಪಾತು." ಮತ್ತೆ ಕರಜಿಕಾಯಿಗೆ ಕೈ ಹಾಕಿದಳು.

ಅಳತೆಗಾತಿ ಬಾಗಿಲು ಹಾಕಿ ಅಗುಳಿ ಜಡಿದಳು. ಅತ್ತೆಯ ಸೆರಗಿನ ತುದಿಯನ್ನು ಬೀಸುವಕಲ್ಲಿನ ಗೂಟಕ್ಕೆ ಕಟ್ಟಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಪಟ್ಟಿಯನ್ನು ಮೂಲೆಗೆ ಎಸೆದು, ನೆಲದ ಮೇಲೆ ಕೂತು ಅತ್ತಳು. ಅಳುತ್ತಾ ಮೇಲೆ ನೋಡಿದರೆ ಅತ್ತೆಯ ಮೂಗಿನ ತುದಿಗೆ ಜೇಡರ ಬಲೆ. ಅಳು ಅಲ್ಲೇ ನಗುವಾಯಿತು.

ಅಂದಿನಿಂದ ನಾಲ್ಕು ತಿಂಗಳು ಆ ಮನೆಯಲ್ಲಿ ದಿನವೂ ಇದೇ ನಡೆಯಿತು. ಊಟವಾದ ಮೇಲೆ ಹಾಲಿಗೆ ಒಂದು ಚಿಟಿಕೆ. ಅತ್ತೆ ಏರುವಳು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಇಳಿಯುವಳು. ಸೊಸೆ ಎಷ್ಟು ಸೊಪ್ಪಿಗೆ ಎಷ್ಟು ಎತ್ತರ, ಎಷ್ಟು ಹೊತ್ತು ಎಂದು ಗೋಡೆಗೆ ಇದ್ದಿಲಿನಿಂದ ಗೀಟು ಹಾಕುವಳು. ಒಳ್ಳೆಯದನ್ನೂ ಗೀಚಿದಳು, ಕೆಟ್ಟದ್ದನ್ನೂ ಗೀಚಿದಳು. ಅತ್ತೆ ನಿದ್ದೆ ಮಾಡಿದಳು, ಸರಿ. ಆದರೆ ಬಾಯಿ ಒಣಗಿತು, ಸಾರಿಗೆ ಮೂರು ಸಲ ಉಪ್ಪು ಬಿತ್ತು. ಒಂದು ದಿನ, ಹೆಚ್ಚು ಹಾಕಿದರೆ ಹೆಚ್ಚು ಗುಣವಾದೀತೆಂದು ಸೊಸೆ ಎರಡು ಚಿಟಿಕೆ ಹಾಕಿದಳು. ಅತ್ತೆ ಜಂತಿಗೆ ಹೋಗಿ ಬಡಿದಳು, ಎದೆ ಡವಡವ ಎಂದು, "ಸಾಯ್ತೀನಿ, ನನ್ನ ಕೈಬಳಿ ಯಾರಿಗಿ ಕೊಡ್ತಿ ಹೇಳು," ಎಂದು ಗೋಳಾಡಿದಳು. ಅದನ್ನೂ ಸೊಸೆ ಗೋಡೆಯ ಮೇಲೆ ಬರೆದಳು. ಕಾಲುರಿ ಹೋಗಿಬಿಟ್ಟಿತೇ? ಇಲ್ಲ. ಮರುದಿನ ಬೆಳಗ್ಗೆ ಇರುವೆಗಳು ತಮ್ಮ ಕೆಂಡ ಹೊತ್ತು ಮತ್ತೆ ಬರುತ್ತಿದ್ದವು.

ಬೆಳಗ್ಗೆ ಮಾತ್ರ ಅವಳು ಮನೆಮನೆಗೆ ಹೋಗಿ ಕಾಲು, ನೆಲ ಎಂದು ಕೇಳಲೇಬೇಕಿತ್ತು. ಹಗ್ಗದವನ ಅಂಗಳದಲ್ಲಿ ಬಾಳವ್ವ ಕಲ್ಲು ಎಳೆಯುತ್ತಾ ಬಂದು ನಿಂತರೆ ಅಳತೆಗಾತಿಗೆ ಮುಖವೆತ್ತಲು ಆಗುತ್ತಿರಲಿಲ್ಲ. ಒಬ್ಬಳ ಕಾಲಿಗೆ ಕಲ್ಲು ಕಟ್ಟಿಸಿದ ಕೈಯೇ ಇನ್ನೊಬ್ಬಳಿಗೆ ಹಾಲು ಕಾಸಿ ಕೊಡುತ್ತಿತ್ತಲ್ಲ. ಆ ಕೈಯಲ್ಲಿ ಅವಳಿಗೆ ಅನ್ನ ಕಲಸುವುದೂ ಕಷ್ಟವಾಯಿತು.

ಅಷ್ಟರಲ್ಲಿ ಊರಿನಲ್ಲಿ ಗದ್ದಲ ಎದ್ದಿತು. ಎಬ್ಬಿಸಿದವನು ಗಾಳಿಪಟ ಮಾಡುವವನು. ಬಡಕಲು ಆಳು, ದೊಡ್ಡ ಗಂಟಲು. "ಕಲ್ಲು ಬಿಚ್ಚಿ! ಭಂಗಿಯಿಂದ ಯಾರಿಗೂ ಎಳ್ಳಷ್ಟೂ ಕೆಡುಕಿಲ್ಲ. ಕೆಮ್ಮು ಹೋಗ್ತದ, ಕೆಟ್ಟ ಕನಸು ಹೋಗ್ತದ, ಬೋಳು ತಲ್ಯಾಗ ಕೂದಲು ಬರ್ತದ, ಜಗಳಗಂಟ ಅಳಿಯ ಮೆತ್ತಗಾಗ್ತಾನ!" ಎಂದು ಓಣಿ ಓಣಿ ಸಾರಿದ. ಕಲ್ಲುಗಾರ ಬಿಟ್ಟಾನೆಯೇ? "ಒಂದು ಬೆರಳು ಬಿಟ್ಟವ ಒಂದು ಮಾರು ಬಿಡ್ತಾನ. ಇವತ್ತು ಮಂದಿ ಹಾರ್ತಾರ, ನಾಳಿ ಮನಿ ಹಾರ್ತಾವ, ನಾಡದು ಬಾವಿ ಹಾರ್ತದ! ನೀರಿಗಿ ಎಲ್ಲಿ ಹೋಗ್ತೀರಿ?" ಎಂದ. ಹಾರುವ ಬಾವಿಯನ್ನು ನೆನೆದು ಊರಿನ ಅರ್ಧ ಮಂದಿ ಹೆದರಿದರು. ಬೋಳು ತಲೆಯವರೆಲ್ಲ ಇನ್ನೊಂದು ಪಕ್ಷ ಸೇರಿದರು.

ಗೌಡ ಮಧ್ಯಾಹ್ನಕ್ಕೆ ಚಾವಡಿಯ ಮುಂದೆ ಊರಸಭೆ ಕರೆದ. ಮೃದು ಮನುಷ್ಯ ಅವನು. ಯಾರು ಕೊನೆಗೆ ಮಾತಾಡಿದರೋ ಅವರ ಮಾತೇ ಸರಿಯೆನ್ನಿಸುತ್ತಿತ್ತು ಅವನಿಗೆ. "ಇವರಿಬ್ಬರೂ ಒದರ್ತಾರ," ಎಂದು ಅಳತೆಗಾತಿಗೆ ಹೇಳಿಕಳಿಸಿದ. "ಅಳದು ನೋಡಿದಾಕಿ ಊರಾಗ ನೀ ಒಬ್ಬಾಕೀನೇ. ಬಂದು ಹೇಳವ್ವ."

ಅಳತೆಗಾತಿ ಅತ್ತೆಗೆ ಹಾಲು ಕೊಟ್ಟು, ಸೆರಗು ಕಟ್ಟಿ ಹೊರಟವಳು, ನೇರ ಚಾವಡಿಗೆ ಹೋಗಲಿಲ್ಲ. ಹಗ್ಗದವನ ಮನೆಗೆ ಹೋದಳು. "ಬಾಳಾ, ನೀನೂ ಬರ್ಬೇಕು," ಎಂದಳು. ಕಲ್ಲು ಎಳೆಯುತ್ತಾ ನಡೆವವಳ ಜೊತೆ ಹೋಗುವುದೆಂದರೆ ಬಸವನಹುಳುವಿನ ದಿಬ್ಬಣ ಹೋದ ಹಾಗೆ. ಹಗ್ಗದವನು ಹೆಗಲಿಗೆ ಎರಡು ಸುರುಳಿ ಹಗ್ಗ ಹಾಕಿಕೊಂಡ, ದಿಬ್ಬ ಬಂದಾಗ ಕಲ್ಲು ಎಳೆಯಲೆಂದು. ಹೀಗಾಗಿ ಅವರಿಗೆ ತಡವಾಯಿತು.

ಸಭೆಯಲ್ಲಿ ಕಲ್ಲುಗಾರನಿಗೆ ತಾಳ್ಮೆ ಇರಲಿಲ್ಲ. ವರ್ಷವೆಲ್ಲ ಹಿಡಿದ ಭಂಗಿ ಸೊಪ್ಪು ಚಾವಡಿಯ ಹಿಂದೆ ಬಣವೆಯಷ್ಟಿತ್ತು. "ಮಾತ್ಯಾಕ? ಬೇರಿಗೇ ಬೆಂಕಿ ಹಚ್ಚೂಣು," ಎಂದವನೇ ಎಲ್ಲವನ್ನೂ ಸಭೆಯ ನಡುವಿಗೆ ಎಳೆಸಿ ಕೊಳ್ಳಿ ಇಟ್ಟ. ಹೊಗೆ ನೇರ ಮೇಲೇರಿತು. ಒಂದು ಕ್ಷಣ ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಗಾಳಿ ತಿರುಗಿತು.

ಅಳತೆಗಾತಿ ತಿರುವಿನ ಆಚೆ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡಿದಳು. ಮೊದಲು ಕೇಳಿಸಿದ್ದು ಗೌಡನ ಕಿಲಕಿಲ. ಆಮೇಲೆ ಗೌಡ ಕುರ್ಚಿಯ ಸಮೇತ ಎದ್ದ. ಅವನ ಹಿಂದೆ ಗೌಡತಿ, ಗೌಡತಿಯ ಹಿಂದೆ ಹತ್ತು ಮುದುಕರು, ಬೋಳು ತಲೆಯವರ ಪಕ್ಷ, ಬಾವಿಗೆ ಹೆದರಿದವರ ಪಕ್ಷ, ಸಭೆಗೆ ಬಂದಿದ್ದ ಎರಡು ಆಡು, ಒಂದು ಹುಂಜ. ಧೋತರಗಳು ಉಬ್ಬಿದವು, ರುಮಾಲುಗಳು ಬಿಚ್ಚಿ ಬಾಲದಂತೆ ಇಳಿಬಿದ್ದವು. ಹೊಗೆ ಕರಗುವಷ್ಟರಲ್ಲಿ ಊರಿಗೆ ಊರೇ ಚಾವಡಿಯ ಮಾಳಿಗೆಯ ಎತ್ತರದಲ್ಲಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತಾ, "ನಿಮ್ಮ ಕಾಲು ಎಲ್ಲದರಿ?" "ನಿಮ್ಮ ತಲಿ ಮ್ಯಾಲ ಅದರಿ," ಎಂದು ಬಿದ್ದುಬಿದ್ದು ನಗುತ್ತಿತ್ತು. ಬೀಳಲು ನೆಲ ಮಾತ್ರ ಇರಲಿಲ್ಲ.

ನಗದವರು ಇಬ್ಬರೇ. ಒಬ್ಬ ಗಾಳಿಪಟದವನು. ಅವನಿಗೆ ಎತ್ತರವೆಂದರೆ ಪ್ರಾಣಭಯ. ಪಟ ಹಾರಿಸಿದ್ದನೇ ಹೊರತು ತಾನು ಎಂದೂ ಏಣಿ ಹತ್ತಿದವನಲ್ಲ. "ಇಳಸ್ರೋ! ನನ್ನ ಎದಿ ಒಡೀತದ! ಎಲ್ಲಾರೂ ನನ್ನೇ ನೋಡ್ಲಿಕತ್ಯಾರ!" ಎಂದು ಬೆವರಿಳಿಸುತ್ತಾ ಅರಚಿದ. ಕಲ್ಲುಗಾರನೋ, ಅಂಗಾತ ಮಲಗಿ ತೇಲುತ್ತಿದ್ದ. ಕಣ್ಣಿನಲ್ಲಿ ನೀರು. "ಸೊಂಟ," ಎನ್ನುತ್ತಿದ್ದ, "ನನ್ನ ಸೊಂಟ... ಹದಿನೈದು ವರ್ಷದ ಮ್ಯಾಲ ಸುಮ್ಮನಾತು ನೋಡ್ರೋ. ಕಲ್ಲು ಎತ್ತಿ ಎತ್ತಿ ಮುರದಿತ್ತು."

"ಹೆದರಬ್ಯಾಡ್ರಿ, ಹೆದರಬ್ಯಾಡ್ರಿ! ಮೊದಲನೇ ಸಲ ಹಿಂಗೇ ಆಗೋದು!" ಎಂದು ಹಿಂದಿನಿಂದ ಒಂದು ದನಿ ಬಂತು. ಅಳತೆಗಾತಿ ತಿರುಗಿ ನೋಡಿ ತಲೆ ಮೇಲೆ ಕೈ ಹೊತ್ತಳು. ಅತ್ತೆ! ಸೆರಗಿನ ಗಂಟು ಬಿಚ್ಚಿಕೊಂಡು, ನಾಲ್ಕು ಬೆರಳು ಮೇಲೆ, ಕೈಬೀಸಿ ಈಜುತ್ತಾ ಬರುತ್ತಿದ್ದಳು. ಕಂಕುಳಲ್ಲಿ ಮಜ್ಜಿಗೆಯ ಗಡಿಗೆ. "ಇಷ್ಟು ನಗು ಕೇಳಿದ ಮ್ಯಾಲ ಮನ್ಯಾಗ ಹ್ಯಾಂಗ ಕೂಡ್ಲಿ?" ಎಂದಳು ಸೊಸೆಗೆ.

ಗುಟ್ಟು ರಟ್ಟಾಗಿತ್ತು. ಆದರೆ ಗುಟ್ಟಿಗಿಂತ ಮೊದಲು ಮೇಲೆ ತೇಲುತ್ತಿದ್ದವರ ಗತಿ ನೋಡಬೇಕಿತ್ತು. ಹಗ್ಗದವನು ಸುರುಳಿ ಬಿಚ್ಚಿ ಒಬ್ಬೊಬ್ಬರಿಗೆ ಎಸೆದ. ಹಿಡಿದವರನ್ನು ಹುಣಸೆ ಮರಕ್ಕೆ ಕಟ್ಟಿದರು. ಗಾಳಿಪಟದವನು ಮಾತ್ರ ಹೆದರಿ ಕೈಚಾಚಲೇ ಇಲ್ಲ. ಆಗ ಬಾಳವ್ವ ಕಲ್ಲುಗಳನ್ನು ಎಳೆದುಕೊಂಡು ಅವನ ಕೆಳಗೆ ಹೋಗಿ ನಿಂತಳು.

"ಮಾವಾ," ಎಂದಳು, "ಕೆಳಗ ನೋಡಬ್ಯಾಡ. ನನ್ನ ಮುಖ ನೋಡು. ಎಲ್ಲಾರೂ ನಿನ್ನ ನೋಡ್ತಾರ ಅನಸ್ತದ, ಅಲಾ? ನನಗ ಗೊತ್ತದ. ಅದು ಹೊಗಿ ಮಾತು, ನಿನ್ನ ಮಾತಲ್ಲ. ಉಸಿರು ಬಿಡು. ಹಗ್ಗ ಬರ್ತದ, ಹಿಡಿ."

ತನ್ನ ಮಾತನ್ನು ಅರ್ಧಕ್ಕೇ ಬಿಡುತ್ತಿದ್ದ ಹುಡುಗಿ ಅಷ್ಟನ್ನೂ ತಪ್ಪದೆ ಹೇಳಿದಳು. ಗಾಳಿಪಟದವನು ಹಗ್ಗ ಹಿಡಿದ. ಹಗ್ಗದವನು ಅದನ್ನು ಮರಕ್ಕೆ ಕಟ್ಟುತ್ತಾ ಮಗಳ ಕಡೆ ನೋಡಿದ. ಹಾಕಿದ ಗಂಟನ್ನೇ ಮತ್ತೊಮ್ಮೆ ಹಾಕಿದ.

ಹೀಗೆ ಊರಿಗೆ ಊರೇ ಹುಣಸೆ ಮರದ ಸುತ್ತ ತೂಗಾಡುತ್ತಿರುವಾಗ ಗೌಡನಿಗೆ ಸಭೆ ನೆನಪಾಯಿತು. "ಅಳತೆಗಾತೀ," ಎಂದು ಮೇಲಿನಿಂದಲೇ ಕೂಗಿದ, "ನಮ್ಮನ್ನ ಅಳಿ. ಕಟ್ಟಳಿ ಕಟ್ಟಳೀನೇ."

"ಅಳದೆ ಗೌಡ್ರೇ. ಎಲ್ಲಾರಿಗೂ ಕಲ್ಲು. ಒಬ್ಬೊಬ್ರಿಗಿ ಎರಡು." ಅವಳು ಕಲ್ಲುಗಾರನತ್ತ ನೋಡಿದಳು. "ಅಷ್ಟು ಕಲ್ಲು ಅವ ಏನು?"

"ಈ ಗುಡ್ಡಾ ಎಲ್ಲಾ ಕಡದ್ರೂ ಸಾಲಂಗಿಲ್ಲ," ಎಂದ ಕಲ್ಲುಗಾರ ಕಣ್ಣು ಮುಚ್ಚಿಕೊಂಡೇ. "ನನ್ನ ಕಾಲಿಗಿ ಯಾರು ಕಟ್ತಾರ?" ಮೇಲೆ ಮತ್ತೆ ನಗುವಿನ ಅಲೆ ಎದ್ದಿತು.

ಅಳತೆಗಾತಿ ಪಟ್ಟಿಯನ್ನು ನೆಲದ ಮೇಲೆ ಇಟ್ಟಳು. "ಮೊದಲು ನನ್ನ ತಪ್ಪು ಕೇಳ್ರಿ," ಎಂದಳು. ನಗು ಮೆಲ್ಲಗೆ ನಿಂತಿತು. "ನಾಲ್ಕು ತಿಂಗಳಾತು, ನಮ್ಮತ್ತೀನ ಮುಚ್ಚಿಟ್ಟೀನಿ. ಹಗ್ಗದವನ ಮಗಳಿಗಿ ಕಲ್ಲು ಕಟ್ಟಸ್ದೆ, ನಮ್ಮತ್ತಿಗಿ ಹಾಲು ಕಾಸಿ ಕೊಟ್ಟೆ. ಇನ್ನ ಅಳತಿ ಕೇಳ್ರಿ. ಗಾಳಿಪಟದವ ಕೆಡುಕಿಲ್ಲ ಅಂತಾನ. ಸುಳ್ಳು. ಹದಿನೈದಕ್ಕ ಹೊಗಿ ಹಿಡದ ಈ ಹುಡುಗಿ ತಲಿ ಇನ್ನೂ ಹಸೀ ಗಡಗಿ ಇತ್ತು, ಬಿರುಕು ಬಿಟ್ಟದ. ನಾ ನೋಡೀನಿ. ಕಲ್ಲುಗಾರ ಬರೇ ಕೆಡುಕು ಅಂತಾನ. ಅದೂ ಸುಳ್ಳು. ಆರು ವರ್ಷ ನಿದ್ದಿ ಕಾಣದ ಮುದುಕಿ ಮಲಗ್ಯಾಳ. ರೋಗ ಹೋಗಿಲ್ಲ, ನೋವು ಒಂದಿಷ್ಟು ದೂರ ಕುಂತದ. ಒಂದು ಚಿಟಿಕಿಗಿ ನಗ್ತಾಳ, ಎರಡಕ್ಕ ಸಾಯ್ತೀನಿ ಅಂತಾಳ. ಇನ್ನ ಕಲ್ಲಿನ ಅಳತಿ. ಇಪ್ಪತ್ತು ವರ್ಷದಾಗ ನಲವತ್ತೊಂದು ಮಂದಿಗಿ ಕಟ್ಟಸೀನಿ. ಕಲ್ಲು ಬಿಚ್ಚಿದ ಮ್ಯಾಲ ಮೂವತ್ತು ಮಂದಿ ಮತ್ತ ಸೊಪ್ಪು ಹುಡುಕಿದ್ರು. ಮೊಣಕಾಲು ಹೋಗಿದ್ದು ನಲವತ್ತೊಂದೂ ಮಂದೀದು."

ಹುಂಜ ಗೌಡನ ಭುಜದ ಮೇಲೆ ಇಳಿದು ಕೂಗಿತು.

ಹೊತ್ತು ಇಳಿದ ಹಾಗೆ ಜನರೂ ಇಳಿದರು. ಮೊದಲು ಆಡುಗಳು, ಆಮೇಲೆ ಮುದುಕರು, ಆಮೇಲೆ ಗೌಡ. ಇಳಿದವರ ಕೈಗೆ ಅತ್ತೆ ಮಜ್ಜಿಗೆ ಕೊಟ್ಟಳು. ಎಲ್ಲರಿಗಿಂತ ಕೊನೆಗೆ ಕಲ್ಲುಗಾರನ ಬೆನ್ನು ನೆಲ ಮುಟ್ಟಿತು. ಮುಟ್ಟಿದ್ದೇ ತಡ, ಸೊಂಟದ ನೋವು ಮರಳಿ ಬಂತು. ಅವನು ಹಲ್ಲು ಕಚ್ಚಿ ಎದ್ದು, ಯಾರನ್ನೂ ಕೇಳದೆ, ಕಲ್ಲು ಕಡೆಯುವ ಚಾಣ ತೆಗೆದುಕೊಂಡು ಬಾಳವ್ವನ ಮುಂದೆ ಮೊಣಕಾಲೂರಿದ. ನಾಲ್ಕು ಏಟಿಗೆ ಒಂದು ಬೇಡಿ, ಐದು ಏಟಿಗೆ ಇನ್ನೊಂದು. "ನೋವಾತೇನವ್ವ?" ಎಂದ. ಅವನ ಬಾಯಿಂದ ಆ ಪ್ರಶ್ನೆ ಯಾರೂ ಕೇಳಿದ್ದಿಲ್ಲ.

ಆಗ ಊರಿಗೆ ಹಸಿವಾಯಿತು. ಅದೆಂಥ ಹಸಿವು ಅಂತೀರಿ! ಮನೆಮನೆಯ ಹಿಟ್ಟು ಚಾವಡಿಗೆ ಬಂತು, ಹತ್ತು ಒಲೆ ಹೂಡಿದರು. ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಬಂಡೆಗಳು ಮರುದನಿ ಕೊಟ್ಟವು. ಗೌಡ ಒಂಬತ್ತು ರೊಟ್ಟಿ ತಿಂದ, ಕಲ್ಲುಗಾರ ಹದಿಮೂರು. ಗಾಳಿಪಟದವನು ಎರಡು ಕೈಯಿಂದ ನೆಲವನ್ನು ಹಿಡಿದುಕೊಂಡೇ ಇದ್ದದ್ದರಿಂದ ಅವನಿಗೆ ಅತ್ತೆಯೇ ತುತ್ತು ಇಟ್ಟಳು. ತಿನ್ನುತ್ತಲೇ ವಾದ ಮುಂದುವರಿಯಿತು. ಕಲ್ಲು ಯಾರ ಕಾಲಿಗೂ ಬೇಡ ಎನ್ನುವುದಕ್ಕೆ ಎಲ್ಲರೂ ತಲೆಯಾಡಿಸಿದರು. ಇಪ್ಪತ್ತು ತುಂಬದವರಿಗೆ ಸೊಪ್ಪು ಬೇಡ ಎನ್ನುವುದಕ್ಕೂ. ನೋವಿದ್ದವರು ಅಳತೆಗಾತಿಯ ಹತ್ತಿರ ಹೋಗಲಿ, ಅವಳು ಅಳೆದು ಕೊಡಲಿ ಎಂದರು. ನೋವಿಲ್ಲದೆ ಸುಮ್ಮನೆ ನಗಲಿಕ್ಕೆ ಏರುವವರ ಮಾತೇನು ಎಂಬಲ್ಲಿ ಜಗಳ ಮತ್ತೆ ಹತ್ತಿಕೊಂಡಿತು. "ಏನಂತೀರಿ ಗೌಡ್ರೇ?" ಎಂದರೆ ಗೌಡ ತಟ್ಟೆ ಚಾಚಿ, "ಮೊದಲು ಇನ್ನೊಂದು ರೊಟ್ಟಿ ಹಾಕ್ರಿ," ಎಂದ. ಊರೆಲ್ಲ ಮತ್ತೆ ನಕ್ಕಿತು. ಆ ಜಗಳ ಇನ್ನೂ ನಡೆದೇ ಇದೆಯಂತೆ.

ಸಂಜೆಯ ಬಿಸಿಲು ಬಂಡೆಗಳ ಮೇಲೆ ತೆಳ್ಳಗಾಗಿತ್ತು. ಬಾಳವ್ವ ಗುಂಪಿನಿಂದ ಸ್ವಲ್ಪ ದೂರ, ಚಾವಡಿಯ ಗೋಡೆಗೆ ಒರಗದೆ, ಅಳತೆಗಾತಿಯ ಪಕ್ಕ ಕೂತಿದ್ದಳು. ಕೈಯಲ್ಲಿ ಅರ್ಧ ರೊಟ್ಟಿ. ತಲೆ ವಾಲಿಸಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು.

"ಅಕ್ಕಾ," ಎಂದಳು, "ಖರೇ ಹೇಳು. ಈಗ ಗ್ವಾಡಿ ಮಾತಾಡ್ಲಿಕತ್ತದೇನು?"

"ಇಲ್ಲವ್ವ."

"ಮತ್ತ ಯಾರೋ ನಗ್ಲಿಕತ್ತಂಗ ಕೇಳಸ್ತದಲ್ಲ. ಭಾಳ ಮಂದಿ."

ಅಳತೆಗಾತಿ ಅವಳ ಅಂಗೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು.

"ಅದು ನನಗೂ ಕೇಳಸ್ತದ," ಎಂದಳು.